ಇಳಿಜಾರಿನಲ್ಲಿ ಹಳದಿ ಜಾಕೆಟ್

ಕಳೆದ ವಾರ ಇಲ್ಲಿ ಸಿಡ್ನಿಯ ಬ್ಲ್ಯಾಕ್‌ಟೌನ್ ಸ್ಟೇಷನ್ನಿನಲ್ಲಿ ಒಬ್ಬ ತನ್ನ ಸೈಕಲ್ಲನ್ನು ಎತ್ತಿಕೊಂಡು ನಮ್ಮ ಬೋಗಿಗೆ ಹತ್ತಿದ. ಹೊರಗೆ ಮಳೆ. ಒದ್ದೆ ರಬ್ಬರು, ಚೈನಿಗೆ ಹಾಕಿದ ಎಣ್ಣೆ, ಅವನು ಕಾಲಿಗೆ ತಿಕ್ಕಿಕೊಂಡಿದ್ದ ನೀಲಗಿರಿ ಎಣ್ಣೆ... ಮೂರೂ ಸೇರಿದ ಆ ವಾಸನೆ ಮೂಗಿಗೆ ಬಡಿದಾಗ ಓದುತ್ತಿದ್ದುದನ್ನು ಮಡಚಿಟ್ಟೆ. ಮೆಲ್ಬರ್ನಿನ ನಮ್ಮ ಪಕ್ಕದ ಮನೆಯ ಗರಾಜು ಹಾಗೇ ನಾರುತ್ತಿತ್ತು.

ಆಗ ನಾವು ಗ್ಲೆನ್ ವೇವರ್ಲಿಯಲ್ಲಿದ್ದೆವು. ಪಕ್ಕದ ಮನೆಯ ಅಂಕಲ್ ಮಂಗಳೂರಿನ ಕಡೆಯವರು, ಮನೆಮಾತು ಕೊಂಕಣಿ, ಭಾನುವಾರ ತಪ್ಪದೆ ಚರ್ಚಿಗೆ ಹೋಗುವವರು. ಕಾರ್ಖಾನೆಯೊಂದರಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾಗಿದ್ದರು. ಆಂಟಿ ನರ್ಸು. ಐವತ್ತು ದಾಟಿದ ಮೇಲೆ ಆಂಟಿಗೆ ಸೈಕಲ್ ಕಲಿಯುವ ಹುಚ್ಚು ಹಿಡಿಯಿತು. ಅಂಕಲ್ಲೇ ಕಲಿಸಿದರು. ಬಿಡಿಭಾಗ ತಂದು ಸೈಕಲ್ಲನ್ನೂ ಅವರೇ ಜೋಡಿಸಿ, ತಿಳಿನೀಲಿ ಬಣ್ಣ ಹೊಡೆದರು. ಕಾರಿನವರಿಗೆ ದೂರದಿಂದಲೇ ಕಾಣಲೆಂದು ಹಳದಿ ಜಾಕೆಟ್ಟನ್ನೂ ಕೊಡಿಸಿದರು. ಬಿದ್ದೇನೆಂಬ ಹೆದರಿಕೆಗೆ ಆಂಟಿ ಸೀಟನ್ನು ತೀರ ಕೆಳಗೆ ಇಳಿಸಿಕೊಂಡಿದ್ದರು. ಹಾಗಾಗಿ ಅವರು ತುಳಿಯುವಾಗ ಮೊಣಕಾಲುಗಳು ಹೊರಗೆ ಚಾಚಿಕೊಳ್ಳುತ್ತಿದ್ದವು, ಎಡಗಾಲಂತೂ ಗಾಳಿಗೆ ತೆರೆದ ಬಾಗಿಲಿನ ಹಾಗೆ. ನಮ್ಮ ಬೀದಿಯ ಮಕ್ಕಳು ಅದನ್ನು ನಕಲು ಮಾಡಿ ನಗುತ್ತಿದ್ದರು, ಆಂಟಿಯೂ ನಗುತ್ತಿದ್ದರು.

ಒಂದು ವರ್ಷ ಅವರ ಸೈಕಲ್ ಗೆಳತಿಯರ ಗುಂಪು ಫ್ರಾನ್ಸಿಗೆ ಹೊರಟಿತು. ಬರ್ಗಂಡಿ ಎಂಬ ಸೀಮೆಯ ಏರಿಳಿತದ ರಸ್ತೆಗಳಲ್ಲಿ ಹಳ್ಳಿಯಿಂದ ಹಳ್ಳಿಗೆ ಸವಾರಿ. ಬೆನ್ನಿನ ಆಪರೇಷನ್ ಆಗಿದ್ದ ಅಂಕಲ್ ಉಳಿದುಕೊಂಡರು. ದ್ರಾಕ್ಷಿ ಕೊಯ್ಲಿನ ಹೊತ್ತು. ಒಂದು ಮಧ್ಯಾಹ್ನ ಪುಟ್ಟ ಹಳ್ಳಿಯೊಂದರ ಏರಿನಲ್ಲಿ ಆಂಟಿ ಸೈಕಲ್ ಇಳಿದು ಕಲ್ಲುಗೋಡೆಯ ಮೇಲೆ ಕೂತರಂತೆ. "ನೀವು ಹೋಗ್ತಾ ಇರಿ, ನಾನು ಬರ್ತೇನೆ" ಎಂದರಂತೆ. ಮುಂದಿನ ಊರಿನಲ್ಲಿ ಕಾದು ಕಾದು ಗೆಳತಿಯರು ಹಿಂದಿರುಗುವಷ್ಟರಲ್ಲಿ ಆಂಬುಲೆನ್ಸ್ ಬಂದು ಹೋಗಿತ್ತು. ಹೃದಯ ನಿಂತಿತ್ತು. ದೇಹ ಮೆಲ್ಬರ್ನಿಗೆ ಬಂತು. ಆ ಗಡಿಬಿಡಿಯಲ್ಲಿ ಸೈಕಲ್ ಏನಾಯಿತೆಂದು ಯಾರೂ ವಿಚಾರಿಸಲಿಲ್ಲ.

ಅಂಕಲ್ ಅತ್ತದ್ದನ್ನು ನಾನು ನೋಡಲಿಲ್ಲ. ಆದರೆ ಒಂದೇ ಪ್ರಶ್ನೆಯನ್ನು ಬಂದವರಿಗೆಲ್ಲ ಕೇಳುತ್ತಿದ್ದರು. "ಅವಳ ಹತ್ತಿರ ಯಾರಾದರೂ ಇದ್ದರಾ?" ಗೆಳತಿಯರಿಗೂ ಗೊತ್ತಿರಲಿಲ್ಲ.

ಆಮೇಲೆ ಅವರು ಗರಾಜಿನೊಳಗೆ ಸೇರಿಕೊಂಡರು. ತಮ್ಮ ಸೈಕಲ್ಲಿನ ಹಿಂದಿನ ಚಕ್ರವನ್ನು ಸ್ಟ್ಯಾಂಡಿಗೆ ಕಚ್ಚಿಸಿ, ಎದುರಿಗೆ ದೊಡ್ಡ ಟಿವಿಗೆ ಕಂಪ್ಯೂಟರ್ ಜೋಡಿಸಿ, ನಿಂತಲ್ಲೇ ತುಳಿಯುತ್ತಿದ್ದರು. ಕ್ಯಾಮರಾ ಹೊತ್ತ ಕಾರುಗಳು ಊರೂರಿನ ರಸ್ತೆಗಳ ಚಿತ್ರ ತೆಗೆದು ಇಂಟರ್ನೆಟ್ಟಿನ ಮ್ಯಾಪಿಗೆ ಹಾಕಿರುತ್ತವಲ್ಲ, ಆ ಚಿತ್ರಗಳನ್ನು ಒಂದೊಂದೇ ಮುಂದಕ್ಕೆ ಒತ್ತುತ್ತಾ ಅವರು ಆಂಟಿ ಹೋದ ದಾರಿಯಲ್ಲೇ ಹೋಗುತ್ತಿದ್ದರು. ಗೋಡೆಯಾಚೆಗೆ ಆ ಚಕ್ರದ ಗುಂಯ್‌ಗುಡುವಿಕೆ ಕೇಳುತ್ತಲೇ ನಾವು ಊಟ ಮಾಡುತ್ತಿದ್ದೆವು.

ಒಂದು ಶನಿವಾರ ಬೇಲಿಯ ಬಳಿ ನಿಂತು ನನ್ನನ್ನು ಕರೆದರು. "ಒಮ್ಮೆ ಬಾ ಮಾರಾಯ್ತಿ. ಒಂದು ನೋಡ್ಲಿಕ್ಕುಂಟು."

ಪರದೆಯ ಮೇಲೆ ಇಳಿಜಾರಿನ ರಸ್ತೆ. ಎರಡೂ ಬದಿಗೆ ಗೋಧಿಯ ಹೊಲ, ದೂರದಲ್ಲಿ ಚರ್ಚಿನ ಮೊನಚು ಗೋಪುರ. ರಸ್ತೆಯ ನಡುವೆ ಹಳದಿ ಜಾಕೆಟ್ ತೊಟ್ಟ ಹೆಂಗಸೊಬ್ಬಳು ತಿಳಿನೀಲಿ ಸೈಕಲ್ಲಿನಲ್ಲಿ ನಮ್ಮತ್ತಲೇ ಬರುತ್ತಿದ್ದಳು. ಮುಖವನ್ನು ಯಾರೋ ಹೆಬ್ಬೆರಳಿನಿಂದ ಒರೆಸಿ ಹಾಕಿದ ಹಾಗಿತ್ತು. ಆ ಮ್ಯಾಪಿನಲ್ಲಿ ಎಲ್ಲರ ಮುಖವೂ ಹಾಗೇ. ಆದರೆ ಎಡಮೊಣಕಾಲು ಹೊರಗೆ ಚಾಚಿತ್ತು.

"ಆಂಟಿ..." ಎಂದುಬಿಟ್ಟೆ.

"ತಿಂಗಳು ನೋಡು."

ಪರದೆಯ ಮೂಲೆಯಲ್ಲಿ ಚಿತ್ರ ತೆಗೆದ ತಿಂಗಳಿತ್ತು. ಆಂಟಿಯನ್ನು ಮಣ್ಣು ಮಾಡಿದ ಮರುವರ್ಷದ ಜೂನ್.

ಅಂಕಲ್ ಒಂದು ಚಿತ್ರ ಮುಂದಕ್ಕೆ ಒತ್ತಿದರು. ಬರಿಯ ರಸ್ತೆ. ಹಿಂದಕ್ಕೆ ಒತ್ತಿದರು. ಮತ್ತೆ ಅವಳು. ಒಂದೇ ಒಂದು ಚಿತ್ರದಲ್ಲಿ, ಬಿಸಿಲಿನಲ್ಲಿ, ಮುಖವಿಲ್ಲದೆ.

"ಯಾರಿಗೋ ಸೈಕಲ್ ಸಿಕ್ಕಿರ್ಬೇಕು ಅಂಕಲ್. ಜಾಕೆಟ್ ಕೂಡ," ಎಂದೆ.

"ಸೈಕಲ್ ಸಿಗಬಹುದು, ಜಾಕೆಟ್ ಸಿಗಬಹುದು," ಎಂದರು ಅವರು ಮೆಲ್ಲಗೆ. "ಮೊಣಕಾಲು ಹೇಗೆ ಸಿಗ್ತದೆ?"

ಅವತ್ತಿನಿಂದ ಆ ಗೋಡೆಯಾಚೆಯ ಸದ್ದು ಕೇಳಿದಾಗಲೆಲ್ಲ ಅವರು ಆ ಒಂದು ಚಿತ್ರದ ಮುಂದೆ ಕೂತು ತುಳಿಯುತ್ತಿದ್ದಾರೆ, ಎಷ್ಟು ತುಳಿದರೂ ಅವಳು ಹತ್ತಿರವಾಗುತ್ತಿಲ್ಲ ಎಂಬುದೇ ಕಣ್ಣಿಗೆ ಕಟ್ಟುತ್ತಿತ್ತು. ಅವರು ಸೊರಗತೊಡಗಿದರು. ಸಿಡ್ನಿಯಲ್ಲಿದ್ದ ಅವರ ಮಗಳು ಫೋನ್ ಮಾಡಿ, "ಅಪ್ಪ ಸರಿ ಇದ್ದಾರಾ? ಪ್ಲೀಸ್ ಟೆಲ್ ಮಿ" ಎಂದು ಕೇಳುತ್ತಿದ್ದಳು. ಸರಿಯಿಲ್ಲ ಎಂದು ಹೇಳಿದೆ.

ನಾನು ಯೂನಿವರ್ಸಿಟಿಯಲ್ಲಿ ಗಣಿತ ಕಲಿಸುತ್ತಿದ್ದೆ. ಮುಂದಿನ ಬೇಸಿಗೆಗೆ ಫ್ರಾನ್ಸಿನಲ್ಲೊಂದು ಸಮ್ಮೇಳನವಿತ್ತು. ಮೈಸೂರಿನಲ್ಲಿ ಪಿಯುಸಿಗೆ ಸಂಸ್ಕೃತದ ಬದಲು ಫ್ರೆಂಚ್ ತೆಗೆದುಕೊಂಡಿದ್ದೆ ಎಂಬುದು ಅಂಕಲ್‌ಗೆ ಗೊತ್ತಿತ್ತು. "ಆ ಹಳ್ಳಿಗೆ ನೀನೂ ಬಂದರೆ ನಾನು ಕೇಳುವುದನ್ನು ಅವರ ಭಾಷೆಯಲ್ಲಿ ಕೇಳಿ ಹೇಳಬಹುದು," ಎಂದರು. ಒಲ್ಲೆ ಎನ್ನಲಾಗಲಿಲ್ಲ.

ಸಮ್ಮೇಳನ ಮುಗಿದ ಮೇಲೆ ರೈಲ್ವೆ ಸ್ಟೇಷನ್ನಿರುವ ಒಂದು ಊರಿನಲ್ಲಿ ಇಬ್ಬರೂ ಸೇರಿದೆವು. ಅವರು ಸಾದಾ ಸೈಕಲ್ ಬಾಡಿಗೆಗೆ ತೆಗೆದುಕೊಂಡರು, ನಾನು ಬ್ಯಾಟರಿಯದು. ಎಂತಹ ಚೆಲುವಾದ ಸೀಮೆ ಅದು! ಮಗುಚಿಟ್ಟ ಬಟ್ಟಲುಗಳ ಹಾಗೆ ಗುಡ್ಡಗಳು, ಅವುಗಳ ಬೆನ್ನ ಮೇಲೆ ದ್ರಾಕ್ಷಿಯ ಸಾಲು, ಹುಲ್ಲಿನಲ್ಲಿ ಸುಮ್ಮನೆ ನಿಂತ ಬಿಳಿ ದನಗಳು. ಆದರೆ ನನ್ನ ಮನಸ್ಸಿಗೆ ಆ ಚೆಲುವು ಹತ್ತಲಿಲ್ಲ. ಅಂಕಲ್ ಒಮ್ಮೆಯೂ ಮ್ಯಾಪ್ ನೋಡಲಿಲ್ಲ. "ಇನ್ನು ಎಡಕ್ಕೆ ಒಂದು ಕಲ್ಲಿನ ಶಿಲುಬೆ ಉಂಟು" ಎನ್ನುತ್ತಿದ್ದರು. ಶಿಲುಬೆ ಇರುತ್ತಿತ್ತು. "ಇಲ್ಲಿ ಇಳಿದರೆ ಹಸಿರು ಬಾಗಿಲಿನ ಮನೆ." ಬಾಗಿಲು ಹಸಿರಾಗಿಯೇ ಇರುತ್ತಿತ್ತು. ಎಂದೂ ಬಾರದ ಊರಿನಲ್ಲಿ, ಅಲ್ಲೇ ಹುಟ್ಟಿದವರ ಹಾಗೆ ಅವರು ಹೋಗುತ್ತಿದ್ದರು.

ಆ ಹಳ್ಳಿ ತಲುಪಿದಾಗ ನಡುಮಧ್ಯಾಹ್ನ. ಅಲ್ಲಿನವರು ಊಟದ ಹೊತ್ತಿಗೆ ಕಿಟಕಿಯ ಮರದ ಕದಗಳನ್ನೆಲ್ಲ ಮುಚ್ಚಿಬಿಡುತ್ತಾರೆ. ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ, ನಾಯಿಯಿಲ್ಲ. ಎಲ್ಲಿಂದಲೋ ನೀರು ಬೀಳುವ ಸದ್ದು ಮಾತ್ರ. ಆಂಟಿ ಕೂತಿದ್ದ ಕಲ್ಲುಗೋಡೆಯನ್ನು ಗೆಳತಿಯರು ತೆಗೆದಿದ್ದ ಫೋಟೋದಿಂದ ಅಂಕಲ್ ಗುರುತು ಹಿಡಿದರು. ಗೋಡೆಯ ಮೇಲೆ ಅಂಗೈ ಊರಿ ನಿಂತರು. ಮುಚ್ಚಿದ ಕದಗಳ ಹಿಂದಿನಿಂದ ಯಾರೋ ನೋಡುತ್ತಿದ್ದಾರೆ ಎಂದು ನನಗೆ ಅನ್ನಿಸುತ್ತಲೇ ಇತ್ತು.

ಆಗ ಮೇಲಿನ ತಿರುವಿನಲ್ಲಿ ಚೈನಿನ ಕಟಕಟ ಕೇಳಿತು. ತಲೆಯೆತ್ತಿದೆ. ಇಳಿಜಾರಿನಲ್ಲಿ ಹಳದಿ ಜಾಕೆಟ್ ಇಳಿದು ಬರುತ್ತಿತ್ತು. ತಿಳಿನೀಲಿ ಸೈಕಲ್, ಹೊರಗೆ ಚಾಚಿದ ಎಡಮೊಣಕಾಲು. ಬಿಸಿಲು ಎದುರಿಗಿದ್ದುದರಿಂದ ಮುಖ ಕಾಣಿಸುತ್ತಿರಲಿಲ್ಲ... ಗರಾಜಿನಲ್ಲಿ ಕಂಡ ಅದೇ ಚಿತ್ರ, ಈಗ ಚಲಿಸುತ್ತಿತ್ತು. ಅಂಕಲ್ ಆಂಟಿಯ ಹೆಸರು ಹಿಡಿದು ಕರೆದರು. ನಾನು ಅವರ ತೋಳು ಹಿಡಿದುಕೊಂಡೆ. ಅವರಿಗೆ ಆಸರೆಯಾಗಲೆಂದೋ ನನ್ನ ಭಯಕ್ಕೋ, ಇವತ್ತಿಗೂ ಹೇಳಲಾರೆ.

ಸೈಕಲ್ ನಮ್ಮೆದುರು ನಿಂತಿತು. ಅರುವತ್ತರ ಆಸುಪಾಸಿನ ಫ್ರೆಂಚ್ ಹೆಂಗಸು. ಕಂದು ಕೂದಲು, ಬುಟ್ಟಿಯಲ್ಲಿ ಬ್ರೆಡ್ಡು. ಅಂಕಲ್ ಮುಖವನ್ನೂ ಅವರ ಕಣ್ಣು ನೆಟ್ಟಿದ್ದ ಜಾಕೆಟ್ಟನ್ನೂ ನೋಡಿ, ಆಕೆ ಬಾಯಿಗೆ ಕೈ ಅಡ್ಡ ಹಿಡಿದಳು. "ಕೊನೆಗೂ ಬಂದಿರಿ," ಎಂದಳು.

ಅವಳ ಮನೆ ಆ ಗೋಡೆಯ ಹಿಂದೆಯೇ ಇತ್ತು. ಒಳಗೆ ಕೂರಿಸಿ ನಿಧಾನವಾಗಿ ಹೇಳಿದಳು, ನಾನು ಕನ್ನಡಕ್ಕೆ ತಿರುಗಿಸುತ್ತಾ ಹೋದೆ. ಕಿಟಕಿಯಿಂದ ಆಂಟಿ ವಾಲಿದ್ದನ್ನು ಕಂಡು ಓಡಿಬಂದಿದ್ದಳಂತೆ. ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಉಸಿರಾಟ ಸಲೀಸಾಗಲೆಂದು ಜಾಕೆಟ್ ಬಿಚ್ಚಿದಳಂತೆ. ಆಂಬುಲೆನ್ಸಿನವರು ಜಾಕೆಟ್ ಮತ್ತು ಸೈಕಲ್ ಬಿಟ್ಟು ಹೋದರು. ಯಾರಾದರೂ ಹುಡುಕಿಕೊಂಡು ಬಂದಾರೆಂದು ಚಳಿಗಾಲವೆಲ್ಲ ಕಾದಳು. ಆಮೇಲೆ, ತುಕ್ಕು ಹಿಡಿಯದಿರಲೆಂದು, ತುಳಿಯತೊಡಗಿದಳು. ಸೀಟು ತಗ್ಗು, ಮೊಣಕಾಲು ನೋಯುತ್ತದೆ, ಆದರೆ ಸತ್ತವರ ವಸ್ತುವನ್ನು ಬದಲಿಸಲು ಮನಸ್ಸು ಬರಲಿಲ್ಲ ಎಂದಳು.

ಅಂಕಲ್ ನನ್ನ ಕಡೆ ತಿರುಗಿದರು. "ಹಾಗಾದರೆ ಅವಳು ಒಬ್ಬಳೇ ಇರಲಿಲ್ಲ," ಎಂದರು.

ನಾನದನ್ನು ಹೇಳಿದೆ. ಆಕೆ ತಲೆಯಾಡಿಸಿದಳು. "ನಿಮ್ಮ ಹೆಂಡತಿ ಒಂದೇ ಮಾತು ಹೇಳುತ್ತಿದ್ದರು. ಉದಾಕ್. ಉದಾಕ್. ಯಾರದೋ ಹೆಸರಿರಬೇಕು, ಆತ ಹತ್ತಿರದಲ್ಲೇ ಇದ್ದಾನೆ ಅಂದುಕೊಳ್ಳಲಿ ಎಂದು ಕೈ ಹಿಡಿದು ನಾನೂ ಅದನ್ನೇ ಹೇಳುತ್ತಿದ್ದೆ, ಉದಾಕ್, ಉದಾಕ್ ಅಂತ. ಕೊನೆಯವರೆಗೂ." ಅಂಕಲ್ ಕಡೆಗೆ ತಿರುಗಿದಳು. "ಅದು ನಿಮ್ಮ ಹೆಸರೇ?"

ಈ ಪ್ರಶ್ನೆಯನ್ನು ನಾನು ಕನ್ನಡಕ್ಕೆ ತರಲಿಲ್ಲ. ನನಗೆ ಕೊಂಕಣಿ ಬಾರದು. ಆದರೆ ಉದಕ ಎಂದರೇನೆಂದು ಕನ್ನಡದವರಿಗೆ ಯಾರು ಹೇಳಿಕೊಡಬೇಕು? ತೆರೆದ ಬಾಗಿಲಿನಾಚೆ, ಬೀದಿಗಡ್ಡಲಾಗಿ, ಕಲ್ಲಿನ ತೊಟ್ಟಿಗೆ ಊರಿನ ನಲ್ಲಿಯಿಂದ ನೀರು ಸುರಿಯುತ್ತಲೇ ಇತ್ತು.

"ಎಂತ ಕೇಳಿದ್ಲು?"

ಹೇಳಿದೆ.

ಅಂಕಲ್ ಬಾಗಿಲಿನ ಹೊರಗೆ ನೋಡಿದರು. ಆಮೇಲೆ ಆ ಹೆಂಗಸಿನ ಕಡೆಗೆ ತಿರುಗಿ, ಎದೆಯ ಮೇಲೆ ಕೈಯಿಟ್ಟುಕೊಂಡರು. "ಹೌದು ಅಂತ ಹೇಳು. ನನ್ನ ಹೆಸರು ಅದೇ."

ಹೇಳಿದೆ. ಆಕೆ ಎದ್ದು ಬಂದು ಅವರ ಎರಡೂ ಕೆನ್ನೆಗೆ ಮುತ್ತಿಟ್ಟು, "ಮೊಸ್ಯೂ ಉದಾಕ್," ಎಂದು ಅತ್ತಳು.

ಸೈಕಲ್ಲನ್ನು ಹಿಂದಿರುಗಿಸಲು ಬಂದರೆ ಅಂಕಲ್ ಬೇಡವೆಂದರು. ಅಂಗಳದಲ್ಲಿ ಮೊಣಕಾಲೂರಿ ಕೂತು, ಜೇಬಿನಿಂದ ಬೋಲ್ಟು ತಿರುಗಿಸುವ ಅಲೆನ್ ಕೀ ತೆಗೆದು, ಸೀಟನ್ನು ಅವಳ ಎತ್ತರಕ್ಕೆ ಸರಿಯಾಗಿ ಏರಿಸಿ ಬಿಗಿ ಮಾಡಿದರು. ಆಕೆ ಹತ್ತಿ ಬೀದಿಯಲ್ಲಿ ಒಂದು ಸುತ್ತು ಬಂದಳು. ಮೊಣಕಾಲು ನೆಟ್ಟಗಿತ್ತು. ಈಗ ಅವಳು ಬರೀ ಅವಳಾಗಿದ್ದಳು. ಅಂಕಲ್ ನೋಡಲಾರದೆ ಮುಖ ತಿರುಗಿಸಿಕೊಂಡರು.

ಮೆಲ್ಬರ್ನಿಗೆ ಬಂದ ಮೇಲೆ ಗರಾಜಿನ ಟಿವಿಯನ್ನು ಯಾರಿಗೋ ಕೊಟ್ಟುಬಿಟ್ಟರು. ಆ ಮಧ್ಯಾಹ್ನದ ಮಾತನ್ನು ನಾವಿಬ್ಬರೂ ಮತ್ತೆ ಎತ್ತಲಿಲ್ಲ. ನಾವು ಸಿಡ್ನಿಗೆ ಬಂದ ಮರುವರ್ಷ ಅವರು ಆಸ್ಪತ್ರೆ ಸೇರಿದರು. ಮಗಳ ವಿಮಾನ ಇಳಿಯುವ ಮೊದಲೇ ಹೋಗಿಬಿಟ್ಟರು.

ಫ್ರಾನ್ಸಿಗೆ ಫೋನ್ ಮಾಡಿದವಳು ನಾನೇ. ಉದಾಕ್ ತೀರಿಕೊಂಡರು ಎಂದೆ. ಆಕೆ, "ಹತ್ತಿರ ಯಾರಾದರೂ ಇದ್ದರೇ?" ಎಂದಳು.

"ಇದ್ದರು," ಎಂದೆ.

ಇಷ್ಟು ವರ್ಷಗಳಾದವು. ಈಗ ಆ ಹೆಸರಿನ ಅರ್ಥ ಬಲ್ಲವಳು ನಾನೊಬ್ಬಳೇ. ಅವರ ಮಗಳು ಇಲ್ಲೇ ಹತ್ತಿರದ ಸಬರ್ಬಿನಲ್ಲಿದ್ದಾಳೆ, ಹಬ್ಬಕ್ಕೆ ಬರುತ್ತಾಳೆ, ಅಮ್ಮನ ಬಗ್ಗೆ ಕೇಳುತ್ತಾಳೆ. ಅಮ್ಮನ ಕೈಯನ್ನು ಒಬ್ಬಾಕೆ ಹಿಡಿದುಕೊಂಡಿದ್ದಳು ಎಂದು ಹೇಳುತ್ತೇನೆ. ಅದು ನಿಜ. ಅದರಾಚೆಗಿನದನ್ನು ಹೇಳಿಕೊಳ್ಳಲು ನನಗೆ ಅಂಕಲ್ ಬೇಕಾಗಿತ್ತು.