ಉಪ್ಪಿಟ್ಟು ಆಗುವಷ್ಟರಲ್ಲಿ ತೆರೆಯುತ್ತಿದ್ದ ಕಂಪ್ಯೂಟರ್

ಹೋದ ವಾರದವರೆಗೂ ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿ ನಾನು ಸೀದಾ ಅಡುಗೆಮನೆಗೆ ಹೋಗುತ್ತಿದ್ದೆ. ಅದು ತೆರೆದುಕೊಳ್ಳುವಷ್ಟರಲ್ಲಿ ಉಪ್ಪಿಟ್ಟು ಆಗಿರುತ್ತಿತ್ತು. (ಉತ್ಪ್ರೇಕ್ಷೆ ಅಲ್ಲ. ರವೆ ಹುರಿಯುವುದೂ ಸೇರಿ.)

ಸಹಿಸಿಕೊಂಡಿದ್ದೆ. ಗೋರೆಗಾಂವ್‌ನಿಂದ ಪರೇಲ್‌ವರೆಗೆ ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಇಪ್ಪತ್ತೆಂಟು ವರ್ಷ ಆಫೀಸಿಗೆ ಹೋದವಳಿಗೆ ಕಾಯುವುದು ಹೊಸದೇ? ಆದರೆ ಮೊನ್ನೆ ಕಂಪ್ಯೂಟರ್ ಡಬ್ಬಿಯ ಒಳಗಿಂದ ಕಟಕಟ ಸದ್ದು ಶುರುವಾಯಿತು. ನನಗೆ ಗಾಬರಿಯಾಯಿತು.

ಯಾಕೆಂದರೆ ಅದರೊಳಗೆ ನಮ್ಮತ್ತೆಯ ಹಾಡುಗಳಿವೆ. ಅತ್ತೆಗೆ ಈಗ ಎಂಬತ್ತೆರಡು. ಧಾರವಾಡದ ಕಡೆಯ ಹಳ್ಳಿಯಲ್ಲಿ ಜೋಳ ಬೀಸುವಾಗ ಹಾಡುತ್ತಿದ್ದ ಹಾಡುಗಳನ್ನು ನಾಲ್ಕು ವರ್ಷದಿಂದ ಅವರು ಹೇಳುತ್ತಾರೆ, ನಾನು ಟೈಪ್ ಮಾಡುತ್ತೇನೆ. ನೂರಾ ಹನ್ನೊಂದು ಹಾಡು. ಇನ್ನೆಲ್ಲೂ ಒಂದು ಪ್ರತಿ ಇಲ್ಲ. (ಗೊತ್ತು, ಗೊತ್ತು. ನೀವೇನು ಎಲ್ಲವನ್ನೂ ಎರಡೆರಡು ಕಡೆ ಇಟ್ಟಿದ್ದೀರಾ?)

ಸಾಂತಾಕ್ರೂಜ್ ಸ್ಟೇಷನ್ ಹತ್ತಿರ ಸಣ್ಣ ರಿಪೇರಿ ಅಂಗಡಿ ಇಟ್ಟಿರುವ ದಸ್ತಗೀರ್‌ಗೆ ಫೋನ್ ಮಾಡಿದೆ. ವಿಜಯಪುರದವರು. ಭಾನುವಾರ ಬೆಳಿಗ್ಗೆ ಬಂದು, ಡಬ್ಬಿಗೆ ಕಿವಿಯಿಟ್ಟು ಕೇಳಿದರು.

"ಅಕ್ಕಾರ, ಮಷೀನಿಗೆ ಏನೂ ಆಗಿಲ್ರಿ. ಹಾರ್ಡ್ ಡಿಸ್ಕ್ ಬುಡ್ಢಾ ಆಗ್ಯಾದ. ಎಸ್‌ಎಸ್‌ಡಿ ಹಾಕೂನು. ಟೆನ್ಶನ್ ನಕೋ, ಚಿಂತಿ ಬ್ಯಾಡ್ರಿ."

ಎಸ್‌ಎಸ್‌ಡಿ ಎಂದರೆ ಒಳಗೆ ಏನೂ ತಿರುಗದ, ಅಂಗೈಯಗಲದ ಹೊಸ ಡಿಸ್ಕ್. ಮಧ್ಯಾಹ್ನದ ಹೊತ್ತಿಗೆ ಅದನ್ನು ಕೂರಿಸಿ, ನನ್ನ ಫೈಲುಗಳನ್ನೆಲ್ಲ ಅದಕ್ಕೆ ತುಂಬಿದರು. ನಾನು ಬಟನ್ ಒತ್ತಿ, ರೂಢಿಯಂತೆ ಅಡುಗೆಮನೆಯ ಕಡೆ ಎರಡು ಹೆಜ್ಜೆ ಇಟ್ಟಿದ್ದೆ. ಅಷ್ಟರಲ್ಲಿ ತೆರೆದೇ ಬಿಟ್ಟಿತು!

ಖುಷಿಯಿಂದ ಅತ್ತೆಯ ಫೈಲ್ ತೆರೆದೆ. ಒಂದಕ್ಷರ ಕನ್ನಡವಿಲ್ಲ. ಇಂಗ್ಲಿಷ್ ಅಕ್ಷರ, ಚುಕ್ಕೆ, ಗೀಟು, ಏನೇನೋ ಗೊಜ್ಜು. ನನಗೆ ಅಳುವೇ ಬಂತು.

"ನನ್ನ ಹಾಡು ಎಲ್ಲಿ ಹೋದುವು?" ಎಂದರು ಅತ್ತೆ.

ದಸ್ತಗೀರ್ ಬಗ್ಗಿ ನೋಡಿದರು. "ಅಕ್ಕಾರ, ಯಾವ ಕಾಲದ ಫಾಂಟ್‌ನ್ಯಾಗ ಬರದೀರಿ ಇದನ್ನ?"

ತಪ್ಪು ನನ್ನದೇ. ಇಪ್ಪತ್ತು ವರ್ಷದ ಹಿಂದೆ ಇಲ್ಲಿನ ಕನ್ನಡ ಸಂಘವೊಂದರ ಸ್ಮರಣ ಸಂಚಿಕೆಗಾಗಿ ಒಂದು ಫಾಂಟ್‌ನಲ್ಲಿ ಟೈಪಿಂಗ್ ಕಲಿತಿದ್ದೆ. ಜಗತ್ತೆಲ್ಲ ಯಾವ ಕಂಪ್ಯೂಟರಿನಲ್ಲೂ ಓದಬರುವ ಯೂನಿಕೋಡ್‌ಗೆ ಹೋಯಿತು, ನಾನು ಹೋಗಲಿಲ್ಲ. ಬೆರಳಿಗೆ ಕೂತದ್ದನ್ನು ಯಾರು ಬಿಡುತ್ತಾರೆ? ಆ ಫಾಂಟ್ ಇಲ್ಲದ ಕಡೆ ನಾನು ಬರೆದದ್ದು ಕನ್ನಡವೇ ಅಲ್ಲ. ಆ ಫಾಂಟ್ ಉಳಿದದ್ದು ಹಳೆಯ ಡಿಸ್ಕಿನಲ್ಲಿ ಮಾತ್ರ.

ದಸ್ತಗೀರ್ ಅದನ್ನು ಮತ್ತೆ ಜೋಡಿಸಿದರು. ಕಟಕಟ. ಸದ್ದಿಲ್ಲ. ಮತ್ತೆ ಕಟಕಟ.

"ಏಳೋ ಮುತ್ಯಾ, ಇದೊಂದ್ ಸಲ," ಎಂದು ಮುದಿ ಅಜ್ಜನನ್ನು ಎಬ್ಬಿಸುವಂತೆ ಅದರ ಬೆನ್ನು ಸವರಿದರು.

ಮೂರನೆಯ ಸಲಕ್ಕೆ ಎದ್ದಿತು. ಫಾಂಟ್ ಹೊಸ ಡಿಸ್ಕಿಗೆ ಬಂತು. ತವರಿನಿಂದ ಅಣ್ಣ ಕರೆಯಲು ಬರುವ ಹಾಡು ಪರದೆಯ ಮೇಲೆ ದುಂಡುದುಂಡಾಗಿ ಕನ್ನಡದಲ್ಲಿ ನಿಂತಿತು. ಅಬ್ಬಾ, ಆ ನೆಮ್ಮದಿ! (ಎಲ್ಲವನ್ನೂ ಯೂನಿಕೋಡ್‌ಗೆ ತಿರುಗಿಸಿ, ಪೆನ್‌ಡ್ರೈವ್‌ನಲ್ಲೂ ಹಾಕಿಕೊಟ್ಟೇ ಅವರು ಎದ್ದದ್ದು. ಮುತ್ಯಾ ಮಾತ್ರ ಮತ್ತೆ ಏಳಲಿಲ್ಲ.)

ಮರುದಿನ ಹೊಸ ಹುಮ್ಮಸ್ಸಿನಿಂದ ಬಟನ್ ಒತ್ತಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಖಾಲಿ ಪುಟ ಎದುರಿಗಿತ್ತು.

"ಹೇಳ್ರಿ ಅತ್ತಿ, ನೂರಾ ಹನ್ನೆರಡನೇ ಹಾಡು."

ಅತ್ತೆ ಬೆಪ್ಪಾಗಿ ನನ್ನ ಮುಖ ನೋಡಿದರು. "ಅಯ್ಯ, ಇಷ್ಟ್ ಲಗೂನ? ನೀ ಉಪ್ಪಿಟ್ಟು ಮಾಡೂ ಮಟಾ ನಾ ಇಲ್ಲಿ ಕುಂತು ಗುನುಗಿ ಗುನುಗಿ ನೆನಪ ಮಾಡ್ಕೋತಿದ್ದೆ. ಈಗ ಅದು ನನಗಿಂತ ಮದಲ ತಯಾರಾಗಿ ನನ್ನ ಮಾರಿ ನೋಡಾಕತ್ತೇತಿ."

ನನಗಿದು ಹೊಳೆದೇ ಇರಲಿಲ್ಲ. ನಾನು ದಿನಾ ಶಪಿಸುತ್ತಿದ್ದ ಆ ಹತ್ತು ನಿಮಿಷದಲ್ಲೇ ನೂರಾ ಹನ್ನೊಂದು ಹಾಡು ಹುಟ್ಟಿಬಂದಿದ್ದವು.

ಎದ್ದು ಹೋಗಿ ಬಾಣಲೆ ಇಟ್ಟೆ. ರವೆ ಘಮ್ಮೆನ್ನುವ ಹೊತ್ತಿಗೆ ಹೊರಗೆ ಗುನುಗು ಶುರುವಾಗಿತ್ತು. ಒಂದು ಡಬ್ಬಿಗಾಗಿ ಇಷ್ಟು ವರ್ಷ ಕಾದವಳು, ಅತ್ತೆಗಾಗಿ ಹತ್ತು ನಿಮಿಷ ಕಾಯಲಾರೆನೇ?