ಗೂಡ್ಸ್ ಡಬ್ಬಿಯ ಹೊಸ ಕಾಲ

ಗೂಡ್ಸ್ ರೈಲಿನ ಡಬ್ಬಿಯ ವಯಸ್ಸನ್ನು ಅದರ ತುದಿಯಲ್ಲಿ ಜೋತುಬಿದ್ದ ಬ್ರೇಕಿನ ರಬ್ಬರ್ ಕೊಳವೆ ನೋಡಿಯೇ ಹೇಳಬಹುದೆಂಬುದು ಲೋಕೋಪಯೋಗಿ ಜ್ಞಾನವೇನಲ್ಲ. ಆದರೆ ನಿವೃತ್ತನಾದ ನನಗೆ ಲೋಕವೂ ಉಪಯೋಗವೂ ಒಟ್ಟಿಗೇ ತಪ್ಪಿಹೋಗಿರುವುದರಿಂದ ಅದನ್ನು ಸಿಕ್ಕಸಿಕ್ಕವರಿಗೆಲ್ಲ ಧಾರಾಳವಾಗಿ ಹಂಚುತ್ತಿರುತ್ತೇನೆ. ದಪ್ಪ ಕೊಳವೆಯೊಂದಿದ್ದರೆ ಹಳೆಯ ಕಾಲದ್ದು, ತೆಳುವಾದ ಎರಡಿದ್ದರೆ ಗಾಳಿ ಬ್ರೇಕಿನ ಈ ಕಾಲದ್ದು. ಕೊಡಿಗೇಹಳ್ಳಿಯ ನಮ್ಮ ತಾರಸಿಯಿಂದ ಯಲಹಂಕದತ್ತ ಸಾಗುವ ಗೂಡ್ಸುಗಳನ್ನು ನೋಡುತ್ತ ನೋಡುತ್ತ, ನನ್ನ ಕೋಣೆಯಲ್ಲಿ ಪುಟ್ಟ ಹಳಿಯ ಮೇಲೆ ಓಡುವ ಅಂಗೈಯಗಲದ ಡಬ್ಬಿಗಳು ಮಾತ್ರ ನನ್ನ ಯೌವನದಲ್ಲೇ ನಿಂತುಬಿಟ್ಟಿವೆಯಲ್ಲ ಎಂದು ನಾಚಿಕೆಯಾಯಿತು. ಅವನ್ನೆಲ್ಲ ವರ್ತಮಾನಕ್ಕೆ ಕರೆತರುವ ಶಪಥ ತೊಟ್ಟೆ.

ನೀವು ಅವನ್ನು ಆಟಿಕೆ ಎಂದೀರಿ. ನಾವು, ಅಂದರೆ ಈ ಹುಚ್ಚಿನವರು, ಮಾದರಿ ಎನ್ನುತ್ತೇವೆ. ಹಳೆಯ ಕೊಳವೆ ಕಿತ್ತು, ಕೂದಲಿನಷ್ಟು ತೆಳುವಾದ ತಂತಿಯನ್ನು ಬಗ್ಗಿಸಿ ಅಂಟಿಸಿ, ಅಂಕಿಗಳನ್ನು ಅಳಿಸಿ, ಹೊಸ ಬಣ್ಣ ಬಳಿದು, ಆ ಹೊಸ ಬಣ್ಣ ಸಹಜವಾಗಿ ಕಾಣಲೆಂದು ಅದರ ಮೇಲೆ ಮತ್ತೆ ಶ್ರದ್ಧೆಯಿಂದ ಕೊಳೆ ಬಳಿಯುವುದು ನಮ್ಮ ಪರಮ ಕೈಂಕರ್ಯ. ಇದನ್ನು ಕಂಡ ನನ್ನ ಹೆಂಡತಿ ಪದ್ಮಾ, "ರೀ, ಫ್ಯಾನ್ ಧೂಳು ಒರೆಸಿ ಅಂದ್ರೆ ಸೊಂಟ ನೋವು. ಇಲ್ಲಿ ಧೂಳನ್ನ ನೀವೇ ಮೆತ್ತುತಾ ಇದ್ದೀರಾ?" ಎಂದಳು.

ಈ ಮಾತನ್ನು ಅವಳು ಮೂರು ಸಲ ಹೇಳಬೇಕಾಯಿತು. ನನ್ನ ಕಿವಿ ಮಂದವಾಗಿ ವರ್ಷಗಳೇ ಆಗಿದ್ದವು. ಯಂತ್ರ ಹಾಕಿಕೊಳ್ಳಿ ಎಂದ ವೈದ್ಯರಿಗೆ, ನನಗೇನು ಅಷ್ಟು ವಯಸ್ಸಾಗಿದೆಯೇ ಎಂದು ಕೇಳಿ, ಅವರು ಕೊಟ್ಟ ಉತ್ತರ ಕೇಳಿಸದೆ ಎದ್ದುಬಂದಿದ್ದೆ. ಕಿವುಡನ ಮುಂದೆ ಕಿನ್ನರಿ ನುಡಿಸಿ ನುಡಿಸಿ ಪದ್ಮಾ ದಣಿದಳು. ನಾನು "ಏನು?" ಎಂದರೆ ಮೊದಲು ಕೂಗಿ ಹೇಳುತ್ತಿದ್ದವಳು, ಬರಬರುತ್ತ "ಏನಿಲ್ಲ ಬಿಡಿ" ಎನ್ನತೊಡಗಿದಳು. ಜಗಳವಾಡಿದ್ದರೆ ಸಹಿಸುತ್ತಿದ್ದೆ; ಆ "ಏನಿಲ್ಲ ಬಿಡಿ" ಎಂಬುದು ನನ್ನನ್ನು ಹೆದರಿಸಿತು. ಮನೆಯಲ್ಲಿ ಇಬ್ಬರೇ ಇರುವಾಗ ಒಬ್ಬರು ಹೇಳುವುದನ್ನೇ ನಿಲ್ಲಿಸಿದರೆ ಉಳಿಯುವುದೇನು?

ಒಂದು ಮಧ್ಯಾಹ್ನ ಅವಳು ಹೊಸ ಡಬ್ಬಿಯೊಂದನ್ನು ಎತ್ತಿ, ಅದರ ತುದಿಯ ಎಳೆಗಳನ್ನು ನೋಡಿ, ನನ್ನ ಕಿವಿಯ ಬಳಿ ಬಾಗಿ ಹೇಳಿದಳು: "ಇದಕ್ಕೆ ಇಷ್ಟು ಚೆನ್ನಾಗಿ ಟ್ಯೂಬ್ ಹಾಕಿದ್ದೀರಲ್ಲ, ನಿಮ್ಮ ಕಿವಿಗೊಂದು ಹಾಕ್ಕೊಳ್ಳೋಕೆ ಏನ್ರೀ ದಾಡಿ?"

ಇದು ಮೊದಲ ಸಲಕ್ಕೇ ಕೇಳಿಸಿತು. ಅಷ್ಟೂ ಡಬ್ಬಿಗಳಿಗೆ ಕಾಲಧರ್ಮ ಬೋಧಿಸಿದ ಮಹಾಶಯ ಮಾತ್ರ ಹಳೆಯ ಕಾಲದಲ್ಲೇ ಬ್ರೇಕು ಹಾಕಿ ಕೂತಿದ್ದ. ಮರುದಿನವೇ ಹೋಗಿ, ಕಿವಿಯ ಹಿಂದೆ ಕೂರುವ, ತೆಳುವಾದ ಕೊಳವೆಯೊಂದು ಒಳಗಿಳಿಯುವ ಯಂತ್ರವನ್ನು ಹಾಕಿಸಿಕೊಂಡು ಬಂದೆ. ಪಕ್ಕದ ಮನೆಯ ಕುಕ್ಕರಿನ ಸೀಟಿಗೆ ಬೆಚ್ಚಿದೆ. ನನ್ನ ಚಪ್ಪಲಿ ಇಷ್ಟು ಅಸಭ್ಯವಾಗಿ ಸದ್ದು ಮಾಡುತ್ತದೆಂದು ಅದುವರೆಗೆ ಗೊತ್ತಿರಲಿಲ್ಲ.

ಸಂಜೆ ಯಲಹಂಕದಲ್ಲಿರುವ ತನ್ನ ತಂಗಿಯೊಡನೆ ವಾಕಿಂಗ್ ಮುಗಿಸಿ ಬಂದ ಪದ್ಮಾ, ನನಗೆ ಬೆನ್ನು ಮಾಡಿ ನಲ್ಲಿಯಡಿ ಲೋಟ ತೊಳೆಯುತ್ತ, ತನಗೆ ತಾನೇ ಎಂಬಂತೆ ಮೆಲ್ಲಗೆ ಅಂದುಕೊಂಡಳು: "ಪುಟ್ಟೇನಹಳ್ಳಿ ಕೆರೆಗೆ ಕೊಕ್ಕರೆ ಬಂದುಬಿಟ್ಟಿವೆ."

"ಗೂಡು ಕಟ್ಟಿದ್ವಾ?" ಎಂದೆ.

ಲೋಟ ತೊಳೆಯುತ್ತಿದ್ದ ಕೈ ನಿಂತಿತು. ತಿರುಗಿ ನನ್ನನ್ನೊಮ್ಮೆ, ನನ್ನ ಕಿವಿಯನ್ನೊಮ್ಮೆ ನೋಡಿದಳು. ನಲ್ಲಿ ನಿಲ್ಲಿಸಿ, ಸೆರಗಿಗೆ ಕೈ ಒರೆಸಿಕೊಂಡು, ಕುರ್ಚಿ ಎಳೆದುಕೊಂಡು, ಮನೆಯ ಗೇಟು ದಾಟಿದಲ್ಲಿಂದ ಆ ಸಂಜೆಯ ಕಥೆಯನ್ನೆಲ್ಲ ಹೇಳಲು ಶುರುಮಾಡಿದಳು. ನಾನು ಡಬ್ಬಿಗಳನ್ನು ಅತ್ತ ಸರಿಸಿ ಅವಳ ಎದುರು ಕೂತೆ.