ಗರುಫಲಿಯಾ ಅಳಲು ಹೋದದ್ದು

ಮಾನಿ ಸೀಮೆಯ ಕಲ್ಲುಗೋಪುರದ ಊರುಗಳಲ್ಲಿ ಹೆಣದ ಮುಂದೆ ಹಾಡಿ ಅಳುವುದರಲ್ಲಿ ಗರುಫಲಿಯಾಳನ್ನು ಮೀರಿಸಿದವರಿರಲಿಲ್ಲ. ಜರ್ಮನರಿದ್ದ ಕಾಲದಲ್ಲಿ ಅವಳು ಕಪ್ಪು ಮುಸುಕು ಹೊದ್ದು, ಎದೆ ಬಡಿದುಕೊಳ್ಳುತ್ತ, ಅವರ ಕಾವಲುಚೌಕಿಯ ಮುಂದೆಯೇ ಸಾವಿನ ಮನೆಗಳಿಗೆ ಹೋಗುತ್ತಿದ್ದಳು. ಯಾವ ಗುಡ್ಡದ ಹಿಂದೆ ಎಷ್ಟು ಫಿರಂಗಿ ಎಂಬುದು ಅವಳ ಶೋಕಗೀತೆಯೊಳಗೆ ಕೂತು, ಜರ್ಮನರ ವಿರುದ್ಧ ಹೋರಾಡುತ್ತಿದ್ದವರಿಗೆ ದಾಟುತ್ತಿತ್ತು. ಭಾಷೆ ತಿಳಿಯದ ಸಿಪಾಯಿ ಟೋಪಿ ತೆಗೆದು ನಿಲ್ಲುತ್ತಿದ್ದ, ಪಾಪ.

ಯುದ್ಧ ಮುಗಿದ ಮೇಲೆ ಸಂಸತ್ ಸದಸ್ಯ ಅರಪಾಕೋಸ್ ಊರೂರಿನಲ್ಲಿ ಭಾಷಣ ಮಾಡಿ, ಆ ಫಿರಂಗಿಗಳನ್ನು ಪತ್ತೆ ಹಚ್ಚಿದ್ದು ತಾನೇ ಎಂದ. ಗರುಫಲಿಯಾ ಸಭೆಯ ನಡುವೆ ಎದ್ದು, "ನಿನ್ನ ಹೆಣದ ಮುಂದೆ ನಾನೇ ಹಾಡ್ತೀನಿ ಕಣೋ, ನಿಜ ಹೇಳಿ ಹಾಡ್ತೀನಿ" ಅಂದಳು. ಕೆಲವೇ ದಿನಗಳಲ್ಲಿ ಆಲಿವ್ ತೋಟದ ದಾರಿಯಲ್ಲಿ ಯಾರೋ ಅವನ ಬೆನ್ನಿಗೆ ಗುಂಡು ಹಾರಿಸಿ ಕೊಂದರು.

ಅಥೆನ್ಸಿನಿಂದ ಬಂದ ಪೊಲೀಸ್ ಅಧಿಕಾರಿ ಕಲೋಗೆರಾಸ್‌ಗೆ ಅಷ್ಟೇ ಸಾಕಾಯಿತು.

"ಬೆದರಿಕೆ ಹಾಕಿದ್ದು ನೀನು. ಬೇಹುಗಾರಿಕೆ ಗೊತ್ತು, ಬಂದೂಕೂ ಗೊತ್ತು."

"ಗೊತ್ತು ಸಾಹೇಬ್ರೆ. ಆದ್ರೆ ನಮ್ಮೂರಲ್ಲಿ ಕೊಂದೋರು ಗೋಪುರ ಹತ್ತಿ, ಕೊಂದದ್ದು ನಾನೇ ಅಂತ ಸಾರ್ತಾರೆ. ಒಂದು ಸಲ ನನ್ನ ಕೆಲಸದ ಹೆಸರು ಅವನ ಪಾಲಾಯ್ತು. ಇದನ್ನೂ ಮಾಡಿ ಬಾಯಿ ಮುಚ್ಕೊಂಡು ಕೂರೋಕೆ ನನಗೇನು ತಲೆ ಕೆಟ್ಟಿದ್ಯಾ?"

ಇದು ಒಪ್ಪಿಗೆಯೋ ನಿರಾಕರಣೆಯೋ ತಿಳಿಯದೆ ಅಧಿಕಾರಿ ಮೀಸೆ ತಿರುವಿದ. ಊರಿನ ಪಾದ್ರಿ ಅವನಿಗೆ ಉಪಾಯ ಹೇಳಿಕೊಟ್ಟ: ಇಲ್ಲಿಯ ಕಟ್ಟಳೆಯಂತೆ ಕೊಂದವರು ಸತ್ತವನ ಮನೆಯ ಹೊಸಿಲು ದಾಟುವಂತಿಲ್ಲ. ಅಳಲು ಬಂದ ಗರುಫಲಿಯಾಳನ್ನು ವಿಧವೆ ಬಾಗಿಲಲ್ಲೇ ತಡೆದರೆ ಊರಿಗೆ ಊರೇ ಸಾಕ್ಷಿ ಹೇಳುತ್ತದೆ, ಆಮೇಲೆ ನೇಣು ದೂರವಿಲ್ಲ. ಅಧಿಕಾರಿ ಕೈಕೋಳ ಒರೆಸಿಟ್ಟುಕೊಂಡ.

"ಹೋಗ್ಬೇಡ ಅಕ್ಕ," ಎಂದಳು ತಂಗಿ ಥೆಯೋನಿ. "ಜ್ವರ ಅಂತ ಹೇಳೋಣ."

"ಜರ್ಮನರ ಎದುರು ಬರದ ಜ್ವರ ಈ ಮೀಸೆ ಎದುರು ಬರುತ್ತಾ?"

ಗರುಫಲಿಯಾ ಮುಸುಕು ಬಿಗಿದು ದಂಡಯಾತ್ರೆಗೆ ಹೊರಟಳು. ಮೊಣಕಾಲು ನೋವಿದ್ದುದರಿಂದ ದಂಡಯಾತ್ರೆ ತುಸು ಕುಂಟುತ್ತಿತ್ತು. ಹಿಂದೆ ಅಧಿಕಾರಿ, ಅವನ ಹಿಂದೆ ಇಡೀ ಊರು.

ಅವಳು ಬಾಗಿಲಿಗೆ ಬರುತ್ತಲೇ ಒಳಗಿನ ಹಾಡು ನಿಂತಿತು. ಶವದ ತಲೆಯ ಬಳಿ ಕೂತಿದ್ದ ವಿಧವೆ ಲಿಗೇರಿ ತಲೆಯೆತ್ತಿದಳು.

"ನನ್ನ ಗಂಡಂಗೆ ಶಾಪ ಹಾಕಿದ್ದೆ ನೀನು."

"ಶಾಪ ಅಲ್ಲ. ಹಾಡ್ತೀನಿ ಅಂದಿದ್ದೆ. ಬಂದಿದ್ದೀನಿ."

"ಏನಂತ ಹಾಡ್ತೀಯ?"

"ಇದ್ದದ್ದು ಇದ್ದ ಹಾಗೆ. ಮಾತು ಬಂಗಾರ, ಮನುಷ್ಯ ಮಹಾ ಸುಳ್ಳ ಅಂತ. ಬೆನ್ನಿಗೆ ಹೊಡೆದು ಅಡಗಿ ಕೂತೋನು ನಾಯಿಗಿಂತ ಕಡೆ ಅಂತಾನೂ."

ಲಿಗೇರಿ ಗಂಡನ ಮುಖವನ್ನು ನೋಡಿದಳು.

"ಸುಳ್ಳ ಅನ್ನೋದು ಸರಿ. ನಮ್ಮ ಮದುವೆ ಮಾತುಕತೆಯಲ್ಲೇ ಶುರು ಮಾಡಿದ್ದ," ಎಂದು ಎದ್ದು ಬಾಗಿಲಿಗೆ ಬಂದು, ಕೈ ಚಾಚಿ ಅವಳನ್ನು ಹೊಸಿಲಿನಿಂದ ಒಳಗೆಳೆದುಕೊಂಡಳು.

ಅಧಿಕಾರಿ ಕೈಕೋಳ ಹಿಡಿದು ನುಗ್ಗಿದ. ಲಿಗೇರಿ ಅಡ್ಡ ನಿಂತಳು.

"ಗಂಡಸರ ಜಾಗ ಅಂಗಳ, ಸಾಹೇಬ್ರೆ. ಕೊಂದೋರನ್ನ ಹುಡುಕೋದಿದ್ರೆ ಬೇರೆ ಕಡೆ ಹುಡುಕಿ. ಇವಳು ನನ್ನ ಮನೆ ಒಳಗಿದ್ದಾಳೆ."

ಇನ್ನು ಈ ಸೀಮೆಯಲ್ಲಿ ಒಬ್ಬ ಸಾಕ್ಷಿಯೂ ಸಿಗುವುದಿಲ್ಲವೆಂದು ಪಾದ್ರಿ ಅವನ ತೋಳು ಹಿಡಿದು ಪಿಸುಗುಟ್ಟಿದ. ಒಳಗೆ ಗರುಫಲಿಯಾ ಕೂದಲು ಬಿಚ್ಚಿ ಹರಡಿಕೊಂಡು, ಗಂಟಲು ಸರಿಮಾಡಿಕೊಂಡಳು.

"ಏಳೋ ಅರಪಾಕೋಸ್, ಏಳೋ ಸುಳ್ಳ," ಎಂದು ಹಾಡು ಶುರುವಾಯಿತು.